ಗೋದಾಮಿಗೆ ಮೂರು ವರ್ಷ, ಪಾರ್ಸಲ್‌ಗೆ ಮೂವತ್ತು ದಿನ: ಕಲಬುರಗಿಯ ಡೆಲಿವರಿ ಗೋದಾಮುಗಳ ಬಾಡಿಗೆ ಲೆಕ್ಕ

ಕಲಬುರಗಿಯಲ್ಲಿ ಪಾರ್ಸಲ್ ಡೆಲಿವರಿ ಏಜೆನ್ಸಿ ಹಿಡಿಯುವ ಹುಡುಗ ಎರಡು ಕರಾರುಗಳಿಗೆ ಸಹಿ ಹಾಕಿರುತ್ತಾನೆ. ಒಂದು ಗೋದಾಮಿನ ಮಾಲೀಕರ ಜೊತೆ, ಬಾಂಡ್ ಪೇಪರ್ ಮೇಲೆ. ಇನ್ನೊಂದು ಪಾರ್ಸಲ್ ಕಂಪನಿಯ ಜೊತೆ, ಬಹಳ ಸಲ ಮೊಬೈಲ್ ಪರದೆಯ ಮೇಲೆ ‘ಒಪ್ಪಿದೆ’ ಎಂದು ಒತ್ತಿ ಮುಗಿಸಿದ್ದು. ಮೊದಲನೆಯದರಲ್ಲಿ ಮೂರು ವರ್ಷ ಜಾಗ ಬಿಡುವಂತಿಲ್ಲ ಎಂದಿರುತ್ತದೆ. ಎರಡನೆಯದರಲ್ಲಿ 30 ದಿನಗಳ ನೋಟಿಸ್ ಕೊಟ್ಟು ಕಂಪನಿ ಕೆಲಸ ನಿಲ್ಲಿಸಬಹುದು ಎಂದಿರುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಓದಿದವರು ಕಡಿಮೆ. ಇಂಥ ಕಾಗದ ಹಿಡಿದು ಬಂದವರ ಜೊತೆ ನಾನು ಹಲವು ಸಲ ಕುಳಿತಿದ್ದೇನೆ. ಅವರ ಮೊದಲ ಪ್ರಶ್ನೆ ಯಾವಾಗಲೂ ಒಂದೇ: ಚದರಡಿಗೆ ಇಷ್ಟು ಹೇಳುತ್ತಿದ್ದಾರೆ, ಹೆಚ್ಚಾಯಿತೇ? ಆ ಪ್ರಶ್ನೆಗೆ ಉತ್ತರ ಸಿಕ್ಕರೂ ಅವರು ಉಳಿಯುವುದಿಲ್ಲ. ಅವರನ್ನು ಮುಳುಗಿಸುವುದು ಬಾಡಿಗೆಯ ದರವಲ್ಲ, ಎರಡು ಕರಾರುಗಳ ಅವಧಿಯ ನಡುವಿನ ಈ ಅಂತರ.

ಈ ದಂಧೆ ನಡೆಯುವ ರೀತಿಯನ್ನು ಮೊದಲು ನೋಡೋಣ. ಆನ್‌ಲೈನ್‌ನಲ್ಲಿ ಕೊಂಡ ಚಪ್ಪಲಿಯೋ ಮಿಕ್ಸರೋ ಹೈದರಾಬಾದಿನ ಅಥವಾ ಬೆಂಗಳೂರಿನ ದೊಡ್ಡ ಗೋದಾಮಿನಿಂದ ರಾತ್ರಿ ಲಾರಿ ಹತ್ತುತ್ತದೆ. ಹೈದರಾಬಾದಿನಿಂದ ಕಲಬುರಗಿಗೆ ಸುಮಾರು 220 ಕಿಲೋಮೀಟರ್. ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹುಮನಾಬಾದ್‌ವರೆಗೆ ಬಂದು, ಅಲ್ಲಿಂದ ಹೆದ್ದಾರಿ 50 ಹಿಡಿದರೆ ನಸುಕಿನಲ್ಲಿ ಊರೊಳಗೆ ಇರಬಹುದು. ಇಲ್ಲಿನ ಸಣ್ಣ ಗೋದಾಮಿನಲ್ಲಿ ಮಾಲು ಇಳಿಯುತ್ತದೆ, ಓಣಿವಾರು ವಿಂಗಡಣೆಯಾಗುತ್ತದೆ, ಎಂಟು ಒಂಬತ್ತರ ಹೊತ್ತಿಗೆ ಡೆಲಿವರಿ ಹುಡುಗರ ಬೆನ್ನೇರಿ ಹೊರಡುತ್ತದೆ. ಸಂಜೆ ಉಳಿದ ಮಾಲು, ವಾಪಸಾದ ಮಾಲು, ಗಿರಾಕಿಗಳಿಂದ ವಸೂಲಾದ ನಗದು, ಮೂರೂ ಅದೇ ಗೋದಾಮಿಗೆ ಮರಳುತ್ತವೆ. ಸಾವಿರಾರು ಪಾರ್ಸಲ್‌ಗಳನ್ನು ಒಂದೇ ಲಾರಿಯಲ್ಲಿ ಇನ್ನೂರು ಕಿಲೋಮೀಟರ್ ತರುವುದು ಅಗ್ಗದ ಕೆಲಸ. ಒಂದೊಂದನ್ನೂ ಒಂದೊಂದು ಮನೆಗೆ ಮುಟ್ಟಿಸುವ ಕೊನೆಯ ಆರೇಳು ಕಿಲೋಮೀಟರೇ ತುಟ್ಟಿ. ಈ ತುಟ್ಟಿಯ ತುಣುಕನ್ನು ಸ್ಥಳೀಯ ಏಜೆನ್ಸಿಗೆ ಒಪ್ಪಿಸಿ, ಪಾರ್ಸಲ್‌ಗೆ ಇಂತಿಷ್ಟು ಎಂದು ಕಮಿಷನ್ ಕೊಡುವುದು ಈಗ ಚಾಲ್ತಿಯಲ್ಲಿರುವ ಪದ್ಧತಿ. ಅಂದರೆ ಲಾರಿ ದೊಡ್ಡ ಕಂಪನಿಯದು, ಆ್ಯಪ್ ಅದರದ್ದು. ಗೋದಾಮಿನ ಬಾಡಿಗೆ ಮಾತ್ರ ನಮ್ಮ ಹುಡುಗನದು.

ಕಾಳು ನಿಲ್ಲುವ ಗೋದಾಮು

ಬಾಡಿಗೆಗೆ ಜಾಗ ಹುಡುಕುವವರಿಗೆ ಕಲಬುರಗಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ತೊಗರಿಯ ಗೋದಾಮುಗಳು. ಇದು ತೊಗರಿ ಕಣಜ. 2019ರಲ್ಲಿ ಇಲ್ಲಿನ ತೊಗರಿ ಬೇಳೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಸಿಕ್ಕಿತು. ನೆಹರು ಗಂಜ್ ಎಂಬ ಕಾಳಿನ ಮಾರುಕಟ್ಟೆಯ ಸುತ್ತ, ಹುಮನಾಬಾದ್ ರಸ್ತೆಯಲ್ಲಿ, ಕಪನೂರ ಕೈಗಾರಿಕಾ ಪ್ರದೇಶದಲ್ಲಿ ಬೇಳೆ ಮಿಲ್ಲುಗಳ ಜೊತೆಜೊತೆಗೆ ಎದ್ದ ಗೋದಾಮುಗಳು ಸಾಲುಸಾಲಾಗಿವೆ. ಮಿಲ್ಲು ನಿಂತರೆ ಅದರ ಗೋದಾಮು ಖಾಲಿಯಾಗುತ್ತದೆ, ಖಾಲಿಯಾದದ್ದು ಅಗ್ಗವಾಗಿ ಸಿಗುತ್ತದೆ. ಎತ್ತರದ ಸೂರು, ದಪ್ಪ ಗೋಡೆ, ದೊಡ್ಡ ಶಟರ್ ನೋಡಿದವರಿಗೆ ಇದಕ್ಕಿಂತ ಒಳ್ಳೆಯದೇನು ಬೇಕು ಎನಿಸುತ್ತದೆ.

ಆದರೆ ಅವು ಮಾಲು ನಿಲ್ಲಲೆಂದು ಕಟ್ಟಿದವು. ತೊಗರಿಯ ಚೀಲ ಒಮ್ಮೆ ಥಪ್ಪಿ (ಒಟ್ಟಿದ ಸಾಲು) ಹತ್ತಿದರೆ ದರ ಏರುವವರೆಗೆ ತಿಂಗಳುಗಟ್ಟಲೆ ಅಲ್ಲೇ ಇರುತ್ತದೆ. ಪಾರ್ಸಲ್ ಬೆಳಗ್ಗೆ ಬಂದು ಸಂಜೆಯೊಳಗೆ ಹೋಗಬೇಕು. ನಿಲ್ಲುವ ಮಾಲಿಗೆ ಬೇಕಾದದ್ದು ಘನಗಾತ್ರ, ಹರಿಯುವ ಮಾಲಿಗೆ ಬೇಕಾದದ್ದು ಬಾಗಿಲು. ಇಪ್ಪತ್ತು ಅಡಿ ಎತ್ತರದ ಸೂರಿಗೆ ಬಾಡಿಗೆ ಕೊಟ್ಟು, ಏಳು ಅಡಿಯ ರ‍್ಯಾಕ್ ಇಟ್ಟು ಮೇಲಿನ ಹದಿಮೂರು ಅಡಿ ಗಾಳಿಗೆ ಬಿಟ್ಟವರನ್ನು ಕಂಡಿದ್ದೇನೆ. ಅದೇ ಗೋದಾಮಿಗೆ ಇದ್ದದ್ದು ಒಂದೇ ಶಟರ್. ಲಾರಿಯಿಂದ ಮಾಲು ಇಳಿಯುವ ಬಾಯಿಯೂ ಅದೇ, ಹುಡುಗರು ಮಾಲು ಹೇರಿಕೊಂಡು ಹೊರಡುವ ಬಾಯಿಯೂ ಅದೇ. ಲಾರಿ ಒಂದು ತಾಸು ತಡವಾದ ದಿನ ಹನ್ನೆರಡು ಬೈಕುಗಳು ಹೊರಗೆ ನಿಂತಿರುತ್ತಿದ್ದವು. ಆ ಹನ್ನೆರಡು ತಾಸುಗಳ ಕೂಲಿ ಯಾವ ಬಾಡಿಗೆ ರಸೀದಿಯಲ್ಲೂ ಕಾಣುವುದಿಲ್ಲ.

ಗಂಜ್‌ನ ಹಳೆಯ ಗೋದಾಮುಗಳ ಮುಂದೆ ಎತ್ತರದ ಕಟ್ಟೆ ಇರುತ್ತದೆ. ಲಾರಿಯ ಹಲಗೆಗೆ ಸರಿಸಮ ಬಂದು ಹಮಾಲರ ಬೆನ್ನು ಉಳಿಯಲಿ ಎಂದು ಕಟ್ಟಿದ್ದು. ಲಾರಿ ಇಳಿಸಲು ಅದು ಇಂದಿಗೂ ಅನುಕೂಲ. ಬೈಕು, ಎಲೆಕ್ಟ್ರಿಕ್ ತ್ರಿಚಕ್ರ, ಛೋಟಾ ಹಾಥಿ ಎನ್ನುವ ಪುಟ್ಟ ಟೆಂಪೊಗೆ ಮಾಲು ಹೇರಲು ಅದೇ ಕಟ್ಟೆ ಅಡ್ಡಿ. ಇಳಿಜಾರು ಹಾಕಿಕೊಳ್ಳಬೇಕು. ಹಾಕಲು ಮಾಲೀಕರ ಲಿಖಿತ ಒಪ್ಪಿಗೆ ಬೇಕು, ಬಿಡುವಾಗ ಅದನ್ನು ಒಡೆದು ಕೊಡಬೇಕೋ ಬೇಡವೋ ಎಂಬುದೂ ಕಾಗದದಲ್ಲಿರಬೇಕು.

ನೆಲವನ್ನು ಬಗ್ಗಿ ನೋಡಿ. ನಮ್ಮದು ಎರೆ ಭೂಮಿ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಬುನಾದಿ ಗಟ್ಟಿ ಇಲ್ಲದ ಕಡೆ ನೆಲವೂ ಜೊತೆಗೆ ಏಳುತ್ತದೆ, ಶಟರ್ ಹಳಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಮೇಲೆ ಹಾಸಿದ್ದು ಬಹುತೇಕ ಶಹಾಬಾದ್ ಪರಸಿ, ಅಂದರೆ ಹಾಸುಗಲ್ಲು. ಚೀಲದ ಥಪ್ಪಿಯ ಭಾರ ಅಗಲಕ್ಕೆ ಹರಡುವುದರಿಂದ ಪರಸಿ ತಡೆಯುತ್ತದೆ. ಕಬ್ಬಿಣದ ರ‍್ಯಾಕಿನ ಭಾರವೆಲ್ಲ ನಾಲ್ಕು ಕಾಲುಗಳ ಮೇಲೆ ಬರುವುದರಿಂದ, ಕೆಳಗೆ ಕಾಂಕ್ರೀಟ್ ಇಲ್ಲದಿದ್ದರೆ ಅದೇ ಪರಸಿ ಒಡೆಯುತ್ತದೆ. ಕಾಲಿನ ಕೆಳಗೆ ಅಗಲವಾದ ಕಬ್ಬಿಣದ ತಗಡು ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ಮಿಕ್ಕರ್ಧಕ್ಕೆ, ಒಳಗೆ ಕಾಲಿಡುವ ಮೊದಲೇ ನೆಲದ ಫೋಟೊ ತೆಗೆದು ಕರಾರಿಗೆ ಲಗತ್ತಿಸುವುದು ಒಳ್ಳೆಯದು. ಮುಂಗಡ ಹಣ ಮರಳಿ ಪಡೆಯುವ ದಿನ ‘ಈ ಪರಸಿ ಮೊದಲೇ ಒಡೆದಿತ್ತು’ ಎಂದು ಬಾಯಿಮಾತಿನಲ್ಲಿ ಸಾಧಿಸಲಾಗುವುದಿಲ್ಲ.

ಇನ್ನೊಂದು ಸಂಗತಿ ಜೀವಕ್ಕೆ ಸಂಬಂಧಿಸಿದ್ದು. ಪಕ್ಕದ ಗೋದಾಮಿನಲ್ಲಿ ಇನ್ನೂ ಕಾಳು ಇಡುತ್ತಿದ್ದರೆ ಹುಳು ಬೀಳದಿರಲು ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆ ಇಡುವುದು ಸಾಮಾನ್ಯ. ಗಾಳಿಯ ತೇವ ತಾಗಿದೊಡನೆ ಅದು ಫಾಸ್ಫೀನ್ ಎಂಬ ವಿಷಾನಿಲ ಬಿಡುತ್ತದೆ. ಗೋಡೆಯ ಬಿರುಕು, ತಗಡಿನ ಸಂದು ಸಿಕ್ಕರೆ ಆ ಅನಿಲ ಪಕ್ಕದ ಕೋಣೆಗೆ ದಾಟಬಲ್ಲದು. ಕಾಳಿನ ಗೋದಾಮಿನಲ್ಲಿ ಗುಳಿಗೆ ಇಟ್ಟು ಬೀಗ ಹಾಕಿ ಹೋದರೆ ಒಳಗೆ ಯಾರೂ ಇರುವುದಿಲ್ಲ. ನಿಮ್ಮ ಗೋದಾಮಿನಲ್ಲಿ ಹತ್ತಿಪ್ಪತ್ತು ಜನ ದಿನವಿಡೀ ಕೆಲಸ ಮಾಡುತ್ತಾರೆ, ಕೆಲವೆಡೆ ಒಬ್ಬಿಬ್ಬರು ರಾತ್ರಿ ಅಲ್ಲೇ ಮಲಗುತ್ತಾರೆ. ಆದ್ದರಿಂದ ಸೂರಿನ ಕೆಳಗೆ ಗೋಡೆ ಪೂರ್ತಿ ಮುಚ್ಚಿದೆಯೇ ಎಂದು ಏಣಿ ಹತ್ತಿ ನೋಡಿ. ಪಕ್ಕದವರು ಗುಳಿಗೆ ಇಡುವ ಮುನ್ನ ತಿಳಿಸುವ ಏರ್ಪಾಡು ಇಲ್ಲದಿದ್ದರೆ, ಎಷ್ಟೇ ಅಗ್ಗವಾದರೂ ಅಂಥ ಜಾಗ ಬೇಡ ಎಂದೇ ನಾನು ಹೇಳುತ್ತೇನೆ.

ಮಧ್ಯಾಹ್ನದ ಬಿಸಿಲು ಬಾಡಿಗೆಯನ್ನು ತಿರುವಿಹಾಕುವ ಬಗೆ

ಊರೊಳಗೆ ಜಾಗ ತುಟ್ಟಿ, ರಿಂಗ್ ರೋಡಿನಾಚೆ ಅಗ್ಗ. ಯಾವುದು ಲಾಭ? ಒಂದು ಲೆಕ್ಕ ಹಾಕಿ ನೋಡೋಣ. ಇವು ನಾನು ತಿಳಿಯಲೆಂದು ಹಿಡಿದ ಅಂಕಿಗಳು, ನಿಮ್ಮ ಓಣಿಯ ನಿಜ ದರವನ್ನು ನೀವು ತುಂಬಿಕೊಳ್ಳಿ. 2,000 ಚದರಡಿ ಗೋದಾಮು. ಊರೊಳಗೆ ಚದರಡಿಗೆ 18 ರೂಪಾಯಿ ಎಂದರೆ ತಿಂಗಳಿಗೆ 36,000. ಹೊರಗೆ 10 ರೂಪಾಯಿ ಎಂದರೆ 20,000. ವ್ಯತ್ಯಾಸ 16,000. ದಿನಕ್ಕೆ 500 ಪಾರ್ಸಲ್, ತಿಂಗಳಿಗೆ 26 ದಿನ ಎಂದರೆ 13,000 ಪಾರ್ಸಲ್. ಊರೊಳಗಿನ ಬಾಡಿಗೆ ಪಾರ್ಸಲ್ ಒಂದಕ್ಕೆ 2 ರೂಪಾಯಿ 77 ಪೈಸೆ, ಹೊರಗಿನದು 1 ರೂಪಾಯಿ 54 ಪೈಸೆ. ಹೊರಗಿನದೇ ಲಾಭ ಎಂದು ಕಾಣುತ್ತದೆ.

ಈಗ ಹೊರಗಿನ ಗೋದಾಮು ಆರು ಕಿಲೋಮೀಟರ್ ದೂರ ಎಂದುಕೊಳ್ಳಿ. ಹೋಗಿ ಬಂದು ಹನ್ನೆರಡು. ಹನ್ನೆರಡು ಹುಡುಗರು, ದಿನಕ್ಕೆ ಒಂದೇ ಸುತ್ತು, 26 ದಿನ: 3,744 ಹೆಚ್ಚುವರಿ ಕಿಲೋಮೀಟರ್. ಪೆಟ್ರೋಲು, ಗಾಡಿಯ ಸವೆತ ಸೇರಿ ಕಿಲೋಮೀಟರಿಗೆ 3 ರೂಪಾಯಿ ಹಿಡಿದರೆ 11,232. ಇನ್ನೂ ಹೊರಗಿನ ಗೋದಾಮಿನ ಕಡೆಯೇ ಲಾಭ, ಸುಮಾರು ನಾಲ್ಕೂಮುಕ್ಕಾಲು ಸಾವಿರ.

ಆದರೆ ಕಲಬುರಗಿಯಲ್ಲಿ ಒಂದೇ ಸುತ್ತಿನಲ್ಲಿ ದಿನ ಮುಗಿಯುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ 42-43 ಡಿಗ್ರಿ ಇಲ್ಲಿ ಅಪರೂಪವಲ್ಲ. ಸರ್ಕಾರವೇ ಆ ಎರಡು ತಿಂಗಳು ಕಲಬುರಗಿ ವಿಭಾಗದ ಕಚೇರಿಗಳ ಸಮಯವನ್ನು ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವುದು ರೂಢಿ. ಕಚೇರಿ ವಿಳಾಸಕ್ಕೆ ಬುಕ್ ಆದ ಮಾಲು ಆ ಹೊತ್ತಿನೊಳಗೆ ಮುಟ್ಟದಿದ್ದರೆ ಮರುದಿನಕ್ಕೆ ಹೋಯಿತು. ಮನೆಗಳಲ್ಲೂ ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲು ತೆರೆಯುವವರು ಕಡಿಮೆ, ಫೋನು ಎತ್ತುವವರೂ ಕಡಿಮೆ. ಹುಡುಗರು ಬೆಳಗ್ಗೆ ಒಂದು ಸುತ್ತು ಮುಗಿಸಿ, ಗೋದಾಮಿಗೆ ಬಂದು ನೆರಳಲ್ಲಿ ಕುಳಿತು, ಬಿಸಿಲು ಇಳಿದ ಮೇಲೆ ಇನ್ನೊಂದು ಸುತ್ತು ಹೊರಡುತ್ತಾರೆ. ಸುತ್ತು ಎರಡಾದರೆ ಹೆಚ್ಚುವರಿ ದೂರ 7,488 ಕಿಲೋಮೀಟರ್, ಖರ್ಚು 22,464 ರೂಪಾಯಿ. ಉಳಿಸಿದ್ದು 16,000, ಕಳೆದದ್ದು ಇಪ್ಪತ್ತೆರಡೂವರೆ ಸಾವಿರದ ಹತ್ತಿರ. ಊರೊಳಗಿನ ತುಟ್ಟಿ ಗೋದಾಮು ಈಗ ಅಗ್ಗವಾಯಿತು. ಬೆಂಗಳೂರಿನ ಲೆಕ್ಕದ ಹಾಳೆಯನ್ನು ಇಲ್ಲಿಗೆ ತಂದರೆ ತಪ್ಪುವುದು ಇಲ್ಲೇ. ನಮ್ಮ ದಿನವನ್ನು ಬಿಸಿಲು ಎರಡಾಗಿ ಸೀಳುತ್ತದೆ.

ಇದರಲ್ಲಿ ಬೇಸರದ ಸಂಗತಿಯೊಂದಿದೆ. ಆ ಪೆಟ್ರೋಲಿನ ಖರ್ಚು ಬಹಳ ಕಡೆ ಗೋದಾಮು ಹಿಡಿದವರ ಪುಸ್ತಕದಲ್ಲಿ ಬರುವುದೇ ಇಲ್ಲ. ಡೆಲಿವರಿ ಹುಡುಗರಿಗೆ ಪಾರ್ಸಲ್ ಲೆಕ್ಕದಲ್ಲಿ ಹಣ, ಗಾಡಿ ಅವರದೇ, ಪೆಟ್ರೋಲೂ ಅವರದೇ. ಹೊರಗೆ ಗೋದಾಮು ಹಿಡಿದು ‘ಉಳಿಸಿದ’ ಹದಿನಾರು ಸಾವಿರ ನಿಜಕ್ಕೂ ಉಳಿದದ್ದಲ್ಲ, ಆ ಹುಡುಗರ ಜೇಬಿನಿಂದ ಬಂದದ್ದು. ಅವರಿಗೆ ಕಾಗದದ ಲೆಕ್ಕ ಬೇಕಿಲ್ಲ, ಟ್ಯಾಂಕು ಖಾಲಿಯಾಗುವುದರಿಂದಲೇ ತಿಳಿಯುತ್ತದೆ. ಎರಡು ತಿಂಗಳಿಗೆ ಒಬ್ಬೊಬ್ಬರಾಗಿ ಬಿಡುತ್ತಾರೆ. ಹೊಸಬ ಬಂದು ಬ್ರಹ್ಮಪುರ, ಶಹಾ ಬಜಾರ್, ರೋಜಾ ಕಡೆಯ ಓಣಿಗಳನ್ನು ಕಲಿಯುವಷ್ಟರಲ್ಲಿ ವಾಪಸ್ ಹೋಗುವ ಪಾರ್ಸಲ್‌ಗಳು ಏರುತ್ತವೆ, ಕಂಪನಿಯ ಕಣ್ಣು ಕೆಂಪಾಗುತ್ತದೆ, ಆ 30 ದಿನಗಳ ನೋಟಿಸ್ ಹತ್ತಿರ ಬರುತ್ತದೆ.

ಹಾಗೆಂದು ಸೂಪರ್ ಮಾರ್ಕೆಟ್ ಎಂಬ ಊರ ನಡುವಿನ ಪೇಟೆಯಲ್ಲೇ ಹೋಗಿ ಕೂರಬೇಕಿಲ್ಲ. ಅಲ್ಲಿ ನಸುಕಿನಲ್ಲೂ ದೊಡ್ಡ ಲಾರಿ ತಿರುಗುವುದು ಕಷ್ಟ. ಹೋಳಿಯ ಬಳಿಕ ಶರಣಬಸವೇಶ್ವರ ಜಾತ್ರೆ, ಬಂದೇನವಾಜ್ ಉರುಸಿನ ದಿನಗಳಲ್ಲಿ ಊರಿನ ಆಯಾ ಭಾಗದ ರಸ್ತೆಗಳು ಜನರಿಂದ ತುಂಬುತ್ತವೆ. ಸೇಡಂ ರಸ್ತೆ, ಜೇವರ್ಗಿ ರಸ್ತೆ, ಆಳಂದ ರಸ್ತೆಗಳು ರಿಂಗ್ ರೋಡ್ ಮುಟ್ಟುವ ಮುನ್ನ, ಒಳಬದಿಯ ಒಂದೆರಡು ಕಿಲೋಮೀಟರಿನಲ್ಲಿ ಸಿಗುವ ಜಾಗವೇ ಸಾಮಾನ್ಯವಾಗಿ ಹದವಾದದ್ದು. ವಿಮಾನ ನಿಲ್ದಾಣ ಬಂತು, ಸೂರತ್-ಚೆನ್ನೈ ಹೆದ್ದಾರಿ ಜಿಲ್ಲೆಯನ್ನು ಹಾದುಹೋಗುತ್ತದೆ, ಆದ್ದರಿಂದ ಗೋದಾಮಿನ ಬೆಲೆ ಏರಲಿದೆ ಎಂದು ಮಾಲೀಕರು ಹೇಳುವುದುಂಟು. ದೊಡ್ಡ ಗೋದಾಮಿನ ಮಟ್ಟಿಗೆ ಅದು ಇರಬಹುದು. ಎರಡು ಸಾವಿರ ಚದರಡಿಯ ಡೆಲಿವರಿ ಗೋದಾಮಿಗೆ ಹೆದ್ದಾರಿಗಿಂತ ಓಣಿ ಹತ್ತಿರವಿರಬೇಕು.

‘ಮೂರ ವರ್ಷ ಬಿಡಂಗಿಲ್ಲ ನೋಡು’

ಈಗ ಕರಾರಿಗೆ ಬರೋಣ. ಇಲ್ಲಿನ ಮಾತುಕತೆ ಸರಿಸುಮಾರು ಹೀಗೆ ನಡೆಯುತ್ತದೆ. ಮಾಲೀಕರು ಹೇಳುತ್ತಾರೆ: ‘ತಮ್ಮಾ, ಬಾಡಿಗಿ ಕಮ್ಮಿನೇ ಹೇಳೀನಿ. ಆದ್ರ ಮೂರ ವರ್ಷ ಬಿಡಂಗಿಲ್ಲ ನೋಡು.’ ಹುಡುಗ ‘ಆಯ್ತು ಕಾಕಾ’ ಎನ್ನುತ್ತಾನೆ. ಸ್ಟಾಂಪ್ ವೆಂಡರ್ ಬಳಿ ಹೋಗಿ ಹನ್ನೊಂದು ತಿಂಗಳ ಕರಾರು ಬರೆಸುತ್ತಾರೆ, ಅದರೊಳಗೇ ಒಂದು ಸಾಲು: ಬಾಡಿಗೆದಾರರು ಮೂರು ವರ್ಷ ಜಾಗ ಖಾಲಿ ಮಾಡುವಂತಿಲ್ಲ, ಮಾಡಿದರೆ ಉಳಿದ ತಿಂಗಳುಗಳ ಬಾಡಿಗೆ ಕೊಡತಕ್ಕದ್ದು.

ಈ ಕಾಗದ ಇಬ್ಬರನ್ನೂ ಕಾಯುವುದಿಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಕಲಂ ಪ್ರಕಾರ ಒಂದು ವರ್ಷ ಮೀರಿದ ಗುತ್ತಿಗೆ ಉಪನೋಂದಣಾಧಿಕಾರಿಯ ಬಳಿ ನೋಂದಣಿಯಾಗಲೇಬೇಕು. ಆಗದಿದ್ದರೆ 49ನೇ ಕಲಂ ಅಡ್ಡ ಬರುತ್ತದೆ, ಗುತ್ತಿಗೆಯ ಷರತ್ತುಗಳನ್ನು ಸಾಧಿಸಲು ಆ ಪತ್ರವನ್ನು ಸಾಕ್ಷ್ಯವಾಗಿ ಬಳಸುವಂತಿಲ್ಲ. ಆಗ ಉಳಿಯುವುದು ಆಸ್ತಿ ವರ್ಗಾವಣೆ ಕಾಯ್ದೆಯ 106ನೇ ಕಲಂ: ತಿಂಗಳಿಂದ ತಿಂಗಳಿಗೆ ನಡೆಯುವ ಬಾಡಿಗೆ, 15 ದಿನಗಳ ನೋಟಿಸಿನಲ್ಲಿ ಯಾವ ಕಡೆಯವರಾದರೂ ಮುಗಿಸಬಹುದು. ಮೂರು ವರ್ಷ ಭದ್ರ ಎಂದು ಮಾಲೀಕರು ತಿಳಿದದ್ದು ಹದಿನೈದು ದಿನಕ್ಕೆ ಇಳಿಯಿತು. ಬಾಡಿಗೆದಾರನಿಗೆ ಇದು ಸಂತಸದ ಸುದ್ದಿಯಲ್ಲ. ರ‍್ಯಾಕು, ಕ್ಯಾಮೆರಾ, ವೈರಿಂಗ್ ಎಂದು ಲಕ್ಷಗಟ್ಟಲೆ ಸುರಿದವನನ್ನೂ ಹದಿನೈದು ದಿನದ ನೋಟಿಸಿನಲ್ಲಿ ಎಬ್ಬಿಸಬಹುದು. ಕರ್ನಾಟಕ ಬಾಡಿಗೆ ಕಾಯ್ದೆ ಇದೆಯಲ್ಲ ಎಂದು ಕೆಲವರು ಕೇಳುತ್ತಾರೆ. 1999ರ ಆ ಕಾಯ್ದೆ ವಾಣಿಜ್ಯ ಬಳಕೆಯಲ್ಲಿ 14 ಚದರ ಮೀಟರ್ ಒಳಗಿನ ಸಣ್ಣ ಮಳಿಗೆಗಳನ್ನಷ್ಟೇ ಒಳಗೊಳ್ಳುತ್ತದೆ. ಗೋದಾಮು ಅದರ ನೆರಳಿಗೆ ಬರುವುದಿಲ್ಲ.

ಆದ್ದರಿಂದ ಅವಧಿ ವರ್ಷ ಮೀರುವುದಾದರೆ ನೋಂದಣಿ ಮಾಡಿಸಿ, ಸ್ಟಾಂಪ್ ಶುಲ್ಕ ಪೂರ್ತಿ ಕಟ್ಟಿ. ಕಡಿಮೆ ಸ್ಟಾಂಪಿನ ಪತ್ರ ಕೋರ್ಟಿನಲ್ಲಿ ಹಾಜರಾದರೆ ಕೊರತೆಯ ಹತ್ತು ಪಟ್ಟಿನವರೆಗೆ ದಂಡ ಬೀಳಬಹುದು. ಆದರೆ ನೋಂದಣಿಯಾದ ಮೂರು ವರ್ಷದ ಲಾಕ್-ಇನ್ (ಜಾಗ ಬಿಡುವಂತಿಲ್ಲದ ಅವಧಿ) ನಿಮ್ಮನ್ನು ನಿಜಕ್ಕೂ ಕಟ್ಟಿಹಾಕುತ್ತದೆ ಎಂಬುದೂ ನೆನಪಿರಲಿ. ಮೇಲಿನ ಉದಾಹರಣೆಯಲ್ಲೇ ನೋಡಿ. ತಿಂಗಳಿಗೆ 36,000, ಲಾಕ್-ಇನ್ 36 ತಿಂಗಳು. ಹತ್ತನೇ ತಿಂಗಳಿಗೆ ಪಾರ್ಸಲ್ ಕಂಪನಿ ಕೈಬಿಟ್ಟರೆ ಉಳಿದ 26 ತಿಂಗಳ ಬಾಡಿಗೆ 9,36,000 ರೂಪಾಯಿ. ಭಾರತೀಯ ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ನ್ಯಾಯಾಲಯ ಕೊಡಿಸುವುದು ಸಮಂಜಸ ಪರಿಹಾರ, ಕಾಗದದಲ್ಲಿ ಬರೆದ ಮೊತ್ತ ಅದರ ಗರಿಷ್ಠ ಮಿತಿ ಮಾತ್ರ. ಆದರೆ ಅಲ್ಲಿಯವರೆಗೆ ಕೇಸು ನಡೆಸುವ ತ್ರಾಣ ಸಣ್ಣ ಏಜೆನ್ಸಿಗಳಿಗಿಲ್ಲ. ಮುಂಗಡ ಬಿಟ್ಟುಕೊಟ್ಟು, ಮನೆಯವರ ಬಂಗಾರ ಅಡವಿಟ್ಟು ಬಾಕಿ ತೀರಿಸಿ ಎದ್ದು ಹೋಗುತ್ತಾರೆ.

ನನ್ನ ಸಲಹೆ ಇಷ್ಟು: ಬಾಡಿಗೆಯಲ್ಲಿ ಚೌಕಾಸಿ ಮಾಡಬೇಡಿ, ಬಿಡುವ ಷರತ್ತಿನಲ್ಲಿ ಮಾಡಿ. ಚದರಡಿಗೆ ಎರಡು ರೂಪಾಯಿ ಹೆಚ್ಚು ಕೊಡುತ್ತೇನೆ ಎನ್ನಿ. 2,000 ಚದರಡಿಗೆ ತಿಂಗಳಿಗೆ 4,000, ಹತ್ತು ತಿಂಗಳಿಗೆ 40,000. ಬದಲಿಗೆ ಕೇಳಬೇಕಾದದ್ದು: ಲಾಕ್-ಇನ್ ಆರು ತಿಂಗಳಷ್ಟೇ, ಆಮೇಲೆ ಪಾರ್ಸಲ್ ಕಂಪನಿ ಲಿಖಿತವಾಗಿ ಕೆಲಸ ನಿಲ್ಲಿಸಿದರೆ 60 ದಿನಗಳ ನೋಟಿಸಿನಲ್ಲಿ ಬಾಡಿಗೆದಾರ ಬಿಡಬಹುದು, ಮಾಲೀಕರು ಮಾತ್ರ ಅವಧಿ ಮುಗಿಯುವವರೆಗೆ ಎಬ್ಬಿಸುವಂತಿಲ್ಲ. ನಲವತ್ತು ಸಾವಿರ ಕೊಟ್ಟು ಒಂಬತ್ತು ಲಕ್ಷದ ಹೊಡೆತ ತಪ್ಪಿಸಿಕೊಳ್ಳುವ ವಿಮೆ ಇದು. ಮಾಲೀಕರಿಗೂ ನಷ್ಟವಿಲ್ಲ. ಖಾಲಿ ಬಿದ್ದಿದ್ದ ಗೋದಾಮಿಗೆ ಹೆಚ್ಚಿನ ಬಾಡಿಗೆ ಬರುತ್ತದೆ, ಇನ್ನೊಬ್ಬರನ್ನು ಹುಡುಕಲು ಎರಡು ತಿಂಗಳ ಕಾಲಾವಕಾಶ ಸಿಗುತ್ತದೆ. ಬರಿಗೈಯಾದ ಹುಡುಗನ ಮೇಲೆ ಒಂಬತ್ತು ಲಕ್ಷದ ದಾವೆ ಹೂಡಿ ಗೆದ್ದರೂ ವಸೂಲಿ ಆಗುವುದೆಲ್ಲಿಂದ?

ಇನ್ನೊಂದು ಸಾಲು ಸೇರಿಸಿ: ಬಾಡಿಗೆದಾರರು ಯಾವುದೇ ಕಂಪನಿಯ ಪಾರ್ಸಲ್ ಕೆಲಸ ಮಾಡಬಹುದು, ಫಲಕ ಬದಲಿಸಬಹುದು, ಅದು ಒಳಬಾಡಿಗೆ ಎನಿಸುವುದಿಲ್ಲ. ಒಂದು ಕಂಪನಿ ಹೋದರೆ ಇನ್ನೊಂದನ್ನು ಅದೇ ಜಾಗಕ್ಕೆ ತರುವ ದಾರಿ ಅದರಿಂದ ತೆರೆದಿರುತ್ತದೆ. ಪಾರ್ಸಲ್ ಕಂಪನಿಯ ಕರಾರಿನಲ್ಲಿ ಬೇರೆಯವರ ಕೆಲಸ ಹಿಡಿಯಬಾರದೆಂಬ ನಿಬಂಧನೆ ಇದೆಯೇ ಎಂದು ಆ ಮೊಬೈಲ್ ಪರದೆಯನ್ನು ಕೊನೆಯವರೆಗೆ ಜಾರಿಸಿ ಓದಬೇಕಾದದ್ದೂ ಇದಕ್ಕಾಗಿಯೇ.

ಜಾಗ ಯಾರದು, ತೆರಿಗೆ ಯಾರದು

ಸಹಿ ಹಾಕುವವರು ಒಬ್ಬರೇ ಇದ್ದರೂ ಗೋದಾಮು ಅಣ್ಣತಮ್ಮಂದಿರ ಹೆಸರಿನಲ್ಲಿ ಜಂಟಿಯಾಗಿರುವುದು ನಮ್ಮಲ್ಲಿ ಸಾಮಾನ್ಯ. ಖಾತಾ ತರಿಸಿ, ಎಲ್ಲರ ಸಹಿ ಅಥವಾ ಅಧಿಕಾರ ಪತ್ರ ಕೇಳಿ. ಬೇಳೆ ಮಿಲ್ಲಿಗೆ ಸೇರಿದ ಗೋದಾಮಾದರೆ ಅದು ಬ್ಯಾಂಕಿಗೆ ಅಡವಿರುವ ಸಾಧ್ಯತೆ ಹೆಚ್ಚು. ಸಾಲ ಸುಸ್ತಿಯಾದರೆ ಬ್ಯಾಂಕುಗಳ ಸಾಲ ವಸೂಲಿಗೆಂದು ಇರುವ 2002ರ ಸರ್ಫೇಸಿ ಕಾಯ್ದೆಯಡಿ ಬ್ಯಾಂಕು ಗೋದಾಮನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಬಹುದು. ಬ್ಯಾಂಕಿನ ಒಪ್ಪಿಗೆಯಿಲ್ಲದೆ, ನೋಂದಣಿಯಿಲ್ಲದೆ ಒಳಗಿದ್ದ ಬಾಡಿಗೆದಾರನ ಮಾತು ಆಗ ನಡೆಯುವುದು ಕಷ್ಟ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪತ್ರ ತೆಗೆಸುವುದು ಒಂದು ಹೆಜ್ಜೆ. ಹಕ್ಕುಪತ್ರ ಠೇವಣಿ ಇಟ್ಟು ಪಡೆದ ಸಾಲ ಅದರಲ್ಲಿ ಕಾಣದೇ ಇರಬಹುದು, ಅದಕ್ಕೆ ಅಡವುಗಳ ಕೇಂದ್ರೀಯ ನೋಂದಣಿಯಾದ ಸೆರ್ಸಾಯ್ ದಾಖಲೆಯಲ್ಲೂ ಹುಡುಕಿಸಿ. ಅಡವಿದೆ ಎಂದು ತಿಳಿದರೆ ಬಿಟ್ಟೇಬಿಡಬೇಕು ಎಂದಲ್ಲ, ಬ್ಯಾಂಕಿನ ನಿರಾಕ್ಷೇಪಣಾ ಪತ್ರ ತಂದುಕೊಡಲು ಮಾಲೀಕರಿಗೆ ಹೇಳಿ.

ಎಪಿಎಂಸಿ ಪ್ರಾಂಗಣದೊಳಗಿನ ಮಳಿಗೆ, ಗೋದಾಮುಗಳನ್ನು ಕೊಟ್ಟಿರುವುದು ಕೃಷಿ ಉತ್ಪನ್ನದ ವ್ಯಾಪಾರಕ್ಕೆ. ಹಂಚಿಕೆ ಪಡೆದ ವರ್ತಕರು ಅದನ್ನು ಪಾರ್ಸಲ್ ಕೆಲಸಕ್ಕೆ ಒಳಬಾಡಿಗೆ ಕೊಟ್ಟರೆ ತೊಂದರೆ ಬರುವುದು ಒಳಗೆ ಕೂತವರಿಗೂ. ಕೈಗಾರಿಕಾ ಪ್ರದೇಶದ ನಿವೇಶನಗಳಿಗೂ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಯ (ಕೆಐಎಡಿಬಿ) ಷರತ್ತುಗಳಿವೆ. ರಿಂಗ್ ರೋಡಿನಾಚೆ ಹೊಲದಲ್ಲಿ ಎದ್ದ ಪತ್ರಾ (ತಗಡಿನ) ಶೆಡ್ಡಾದರೆ ಜಮೀನು ಎನ್‌ಎ (ಕೃಷಿಯೇತರ) ಆಗಿದೆಯೇ ಎಂಬುದು ಮೊದಲ ಪ್ರಶ್ನೆ.

ತೆರಿಗೆಯ ವಿಷಯದಲ್ಲಿ ತೊಗರಿಯ ಊರಿಗೆ ಒಂದು ವಿಶೇಷ ಗೊಂದಲವಿದೆ. ಕೃಷಿ ಉತ್ಪನ್ನವನ್ನು ಸಂಗ್ರಹಿಸಿಡುವ ಸೇವೆಗೆ ಜಿಎಸ್‌ಟಿ ಇಲ್ಲ. ತೊಗರಿ ಕಾಳು ಕೃಷಿ ಉತ್ಪನ್ನ. ಸಿಪ್ಪೆ ತೆಗೆದು ಒಡೆದ ಬೇಳೆ ಹಾಗಲ್ಲ ಎಂದು 2017ರ ನವೆಂಬರಿನ ಸುತ್ತೋಲೆ ಸ್ಪಷ್ಟಪಡಿಸಿತು. ವರ್ಷಗಟ್ಟಲೆ ಬರೀ ಕಾಳು ಇಟ್ಟು ಜಿಎಸ್‌ಟಿಯ ಗೊಡವೆಯೇ ಇಲ್ಲದಿದ್ದ ಮಾಲೀಕರು ಪಾರ್ಸಲ್ ಗೋದಾಮಿಗೂ ತೆರಿಗೆ ಇಲ್ಲವೆಂದೇ ತಿಳಿದಿರುತ್ತಾರೆ. ವಾಣಿಜ್ಯ ಬಾಡಿಗೆಗೆ 18 ಶೇಕಡಾ ಜಿಎಸ್‌ಟಿ ಇದೆ. ಮಾಲೀಕರು ಜಿಎಸ್‌ಟಿಗೆ ನೋಂದಾಯಿಸದೆ, ಬಾಡಿಗೆದಾರ ನೋಂದಾಯಿಸಿದ್ದರೆ, 2024ರ ಅಕ್ಟೋಬರ್ 10ರಿಂದ ಆ ತೆರಿಗೆ ಕಟ್ಟುವ ಹೊಣೆ ಬಾಡಿಗೆದಾರನದೇ. ರಾಜಿ ತೆರಿಗೆ (ಕಂಪೋಸಿಷನ್) ಪದ್ಧತಿಯಲ್ಲಿರುವ ಬಾಡಿಗೆದಾರರಿಗೆ 2025ರ ಜನವರಿ 16ರಿಂದ ಈ ಹೊಣೆ ಇಲ್ಲ. 36,000 ಬಾಡಿಗೆಗೆ ತಿಂಗಳಿಗೆ 6,480 ರೂಪಾಯಿ ನಗದಾಗಿ ಕಟ್ಟಬೇಕು. ಕಮಿಷನ್ ಮೇಲೆ ತಾನು ಕಟ್ಟುವ ಜಿಎಸ್‌ಟಿಯಲ್ಲಿ ಅದನ್ನು ಮರಳಿ ಹೊಂದಿಸಿಕೊಳ್ಳಬಹುದು, ಆದ್ದರಿಂದ ಕೊನೆಗೆ ಅದು ನಷ್ಟವಲ್ಲ. ಕಟ್ಟದೆ ಎರಡು ವರ್ಷ ಕಳೆದು ಬಡ್ಡಿ ಸಮೇತ ನೋಟಿಸ್ ಬಂದಾಗಲೇ ನಷ್ಟ. ಬಾಡಿಗೆಯ ಮೂಲದಲ್ಲಿ ತೆರಿಗೆ ಕಡಿತದ (ಟಿಡಿಎಸ್) ವಿಷಯದಲ್ಲಿ ಈಚೆಗೆ ಸಣ್ಣ ನಿರಾಳವಿದೆ: ವರ್ಷಕ್ಕೆ 2.4 ಲಕ್ಷ ಎಂದಿದ್ದ ಮಿತಿ 2025ರ ಏಪ್ರಿಲ್ 1ರಿಂದ ತಿಂಗಳಿಗೆ 50,000 ರೂಪಾಯಿ ಆಗಿದೆ. ನಮ್ಮ ಉದಾಹರಣೆಯ ಗೋದಾಮು ಅದರೊಳಗೇ ಬರುತ್ತದೆ.

ವಿದ್ಯುತ್ತಿನ ಮಾತು ಚಿಕ್ಕದು. ಎಲೆಕ್ಟ್ರಿಕ್ ಗಾಡಿಗಳನ್ನು ಚಾರ್ಜ್ ಮಾಡುವ ಯೋಚನೆ ಇದ್ದರೆ ಜೆಸ್ಕಾಂ ಮಂಜೂರು ಮಾಡಿದ ಲೋಡ್ ಎಷ್ಟಿದೆ ನೋಡಿ. ಹೆಚ್ಚಿಸಲು ಅರ್ಜಿ ಹಾಕಬೇಕಾದವರು ಮಾಲೀಕರು, ಖರ್ಚು ಯಾರದೆಂಬುದು ಮೊದಲೇ ತೀರ್ಮಾನವಾಗಲಿ.

ನೆರಳು, ನೀರು, ಶೌಚಾಲಯದ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚೇ ಹೇಳಬೇಕು. ಕಾಳಿನ ಗೋದಾಮಿಗೆ ಇವು ಬೇಕಿರಲಿಲ್ಲ, ಆದ್ದರಿಂದ ಬಹಳ ಕಡೆ ಇಲ್ಲ. ತಗಡಿನ ಸೂರಿನ ಕೆಳಗೆ ಮೇ ತಿಂಗಳ ಎರಡು ಗಂಟೆಗೆ ಮಾಲು ವಿಂಗಡಿಸುವವರ ಪಾಡು ಅಲ್ಲಿ ಹತ್ತು ನಿಮಿಷ ನಿಂತರೆ ತಿಳಿಯುತ್ತದೆ. ವಿಂಗಡಣೆಗೆ ಹೆಣ್ಣುಮಕ್ಕಳನ್ನು ಕರೆಯಬೇಕೆಂದರೆ ಶೌಚಾಲಯವಿಲ್ಲದ ಕಟ್ಟಡದಲ್ಲಿ ಅದು ಆಗದ ಮಾತು. ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿತು, ಅದು ಒಳ್ಳೆಯದೇ. ಆದರೆ ಮಧ್ಯಾಹ್ನ ಹುಡುಗ ಎಲ್ಲಿ ಕೂರುತ್ತಾನೆ, ಏನು ಕುಡಿಯುತ್ತಾನೆ ಎಂಬುದನ್ನು ತೀರ್ಮಾನಿಸುವುದು ಗೋದಾಮು ಹಿಡಿದವರ ಬಾಡಿಗೆ ಪತ್ರ. ಸೂರಿನ ಮೇಲೆ ಬಿಳಿ ಬಣ್ಣ, ಗಾಳಿಗೆ ತಿರುಗುವ ವೆಂಟಿಲೇಟರ್, ಒಂದು ಬೋರಿನ ಕನೆಕ್ಷನ್, ಎರಡು ಶೌಚಾಲಯ: ಇವುಗಳನ್ನು ಮಾಲೀಕರು ಮಾಡಿಸಿಕೊಡಲಿ ಎಂದು ಕೇಳಿ, ಅದಕ್ಕಾಗಿ ಬಾಡಿಗೆ ತುಸು ಏರಿದರೂ ಒಪ್ಪಿ. ಕೆಲಸ ಶುರುವಾಗುವ ಮೊದಲಿನ ಒಂದು ತಿಂಗಳು ಬಾಡಿಗೆ ಬಿಡಿಸಿಕೊಂಡು ಆ ಹಣದಲ್ಲಿ ನೀವೇ ಮಾಡಿಸಿದರೂ ನಡೆದೀತು.

ಕೊನೆಗೆ ತಾರೀಖು. ಕರಾರು ಶುರುವಾಗುವ ದಿನವನ್ನು ಯಾರೂ ಯೋಚಿಸಿ ಬರೆಯುವುದಿಲ್ಲ, ಮುಂಗಡ ಕೊಟ್ಟ ದಿನವೇ ಬರೆದುಬಿಡುತ್ತಾರೆ. ಫೆಬ್ರುವರಿಯಲ್ಲಿ ಶುರುವಾದ ಹನ್ನೊಂದು ತಿಂಗಳ ಕರಾರು ಮುಗಿಯುವುದು ಜನವರಿಯ ಹೊತ್ತಿಗೆ. ಹೊಸ ತೊಗರಿ ಮಾರುಕಟ್ಟೆಗೆ ಬರುವ ಕಾಲವದು. ಗಂಜ್ ಸುತ್ತ ಟ್ರ್ಯಾಕ್ಟರ್, ಲಾರಿಗಳ ಸಾಲು ನಿಲ್ಲುತ್ತದೆ, ಕಾಳು ಇಡುವವರು ಎರಡು ಮೂರು ತಿಂಗಳಿಗೆ ಗೋದಾಮು ಹುಡುಕುತ್ತಾ ಬರುತ್ತಾರೆ, ಮಾಲೀಕರ ಕೈ ಮೇಲಾಗಿರುತ್ತದೆ. ನವೀಕರಣದ ಮಾತಿಗೆ ಆಗ ಕುಳಿತರೆ ಅವರು ಕೇಳಿದ್ದೇ ದರ. ಕರಾರು ಜುಲೈ, ಆಗಸ್ಟಿನಲ್ಲಿ ಮುಗಿಯುವಂತೆ ಬರೆಸಿಕೊಳ್ಳಿ. ಕಾಳಿನ ಗಿರಾಕಿಗಳ ಪೈಪೋಟಿ ಆಗ ಇರುವುದಿಲ್ಲ, ದೀಪಾವಳಿಯ ಪಾರ್ಸಲ್ ರಾಶಿ ಬರುವುದಕ್ಕೂ ಇನ್ನೂ ಸಮಯವಿರುತ್ತದೆ, ಮೇಲಾಗಿ ತಗಡು ಎಲ್ಲೆಲ್ಲಿ ಸೋರುತ್ತದೆ ಎಂಬುದು ಮಳೆಯಲ್ಲಿ ನಿಂತೇ ಮಾಲೀಕರಿಗೆ ತೋರಿಸಬಹುದು.